ಅಪ್ಪಾಜಿಯ ಅಂಗೈ ಮತ್ತು ನನ್ನ ನೀಲಿ ಸ್ಕೂಟರು

ಮೊನ್ನೆ ದಾವಣಗೆರೆಯ ಎಂ.ಸಿ.ಸಿ. ‘ಬಿ’ ಬ್ಲಾಕಿನಲ್ಲಿ ಪರಿಚಯದವರ ಮನೆಯ ಸೀಮಂತಕ್ಕೆ ಹೋಗಿದ್ದೆ. ಉಡಿ ತುಂಬುವುದೆಲ್ಲ ಮುಗಿದು, ಮನೆಯಾಕೆ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದವರು ನನ್ನ ಕೈಗೆ ಅರಿಶಿನ ಹಚ್ಚಲು ಹೋಗಿ ಹಾಗೇ ನಿಂತುಬಿಟ್ಟರು. ಹಿಡಿದ ಕೈ ಬಿಡಲಿಲ್ಲ, ಬೆಳಕಿನ ಕಡೆ ತಿರುಗಿಸಿ ನೋಡಿದರು.

"ಏನ್ರಿ ಮೇಡಂ, ಉಗುರಿನ ಸಂದಿ ಎಲ್ಲ ನೀಲಿ ಆಗೈತಲ್ಲ? ಶಾಯಿ ಚೆಲ್ಲಿಕೊಂಡ್ರೇನು?"

"ಶಾಯಿ ಅಲ್ಲರಿ, ಪೇಂಟು. ಸ್ಕೂಟರಿಗೆ ಹೊಡೆದೆ."

"ಅಂದ್ರ ಹೊಡೆಸಿದ್ರಿ."

"ಹೊಡೆಸಲಿಲ್ಲ, ನಾನೇ ಹೊಡೆದೆ."

ಅವರು ನಕ್ಕರು. ರಿಟೈರಾದ ವಿಜ್ಞಾನದ ಮೇಡಂ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ಕೈಗೆ ಬಾಳೆಹಣ್ಣು, ರವಿಕೆ ಕಣ ಇಟ್ಟು ಪಕ್ಕದವರ ಕಡೆ ಹೋದರು. ನಾನು ಆ ರವಿಕೆ ಕಣವನ್ನು ಹತ್ತೂ ಬೆರಳು ಕಾಣುವ ಹಾಗೆ ಹಿಡಿದು ಕೂತೆ. ಯಾರಾದರೂ ಇನ್ನೊಮ್ಮೆ ಕೇಳಲಿ ಎಂದು ಕಾದದ್ದೂ ನಿಜ. ಯಾರೂ ಕೇಳಲಿಲ್ಲವಾದ್ದರಿಂದ ಈಗ ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ.

ಉಗುರಿನ ಬಣ್ಣದ ವಿಷಯದಲ್ಲಿ ನನ್ನ ಚರಿತ್ರೆ ಅಷ್ಟು ಒಳ್ಳೆಯದಲ್ಲ. ನಾನು ಹುಟ್ಟಿ ಬೆಳೆದದ್ದು ಹರಿಹರದಲ್ಲಿ. ಅಪ್ಪಾಜಿ ಗುತ್ತೂರಿನ ಕಡೆಯ ಒಂದು ಕಾರ್ಖಾನೆಯಲ್ಲಿ ಪೇಂಟರಾಗಿದ್ದರು. ಅಲ್ಲಿ ತಯಾರಾಗುತ್ತಿದ್ದ ಯಂತ್ರಗಳಿಗೆಲ್ಲ ಬೂದು ಬಣ್ಣ. ಆದ್ದರಿಂದ ನನ್ನ ಬಾಲ್ಯದ ಉದ್ದಕ್ಕೂ ಅಪ್ಪಾಜಿಯ ಉಗುರಿಗೆ ಬೂದು ಅಂಚಿತ್ತು. ಶಿಫ್ಟ್ ಮುಗಿಸಿ ಬಂದರೆ ಅವರಿಗಿಂತ ಮುಂಚೆ ತಿನ್ನರಿನ ವಾಸನೆ ಹೊಸಿಲು ದಾಟುತ್ತಿತ್ತು. ಅಮ್ಮ ನಲ್ಲಿಯ ಹತ್ತಿರ ಸೀಮೆಎಣ್ಣೆಯ ಚಿಂದಿ, ಬಟ್ಟೆ ಸೋಪಿನ ತುಂಡು ಇಟ್ಟಿರುತ್ತಿದ್ದಳು. ಎಷ್ಟು ತಿಕ್ಕಿದರೂ ಆ ಅಂಚು ಹೋಗುತ್ತಿರಲಿಲ್ಲ. ನನ್ನ ಗೆಳತಿಯ ತಂದೆ ಬ್ಯಾಂಕಿನಲ್ಲಿದ್ದರು, ಅವರ ಉಗುರು ಬೆಳ್ಳಗೆ ಹೊಳೆಯುತ್ತಿತ್ತು. ಒಮ್ಮೆ ಅಪ್ಪಾಜಿ ನನ್ನ ಸ್ಕೂಲಿಗೆ ಯಾವುದೋ ಫಾರಮ್ಮಿಗೆ ಸಹಿ ಹಾಕಲು ಬಂದಾಗ, ಬೆರಳು ಮಡಚಿಕೊಂಡು ಪೆನ್ನು ಹಿಡಿಯಬಾರದೆ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡಿದ್ದೆ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಮುಂದೆ ಅವರನ್ನು ಪೇಂಟರ್ ಕೆಲಸದಿಂದ ಇನ್ಸ್‌ಪೆಕ್ಟರ್ ಮಾಡಿದರು. ಬಣ್ಣ ಹೊಡೆಯುವುದಕ್ಕಿಂತ ಬೇರೆಯವರು ಹೊಡೆದ ಬಣ್ಣದಲ್ಲಿ ತಪ್ಪು ಹುಡುಕುವುದೇ ಜಾಸ್ತಿಯಾಯಿತೆಂದು ಮೇಲಿನವರೇ ಸೋತು ಹಾಗೆ ಮಾಡಿರಬೇಕೆಂದು ಅಮ್ಮ ಹೇಳುತ್ತಿದ್ದಳು. ಅಪ್ಪಾಜಿ ತಪ್ಪು ಹುಡುಕುವ ರೀತಿಯೇ ಬೇರೆ. ಕಣ್ಣು ಮುಚ್ಚಿಕೊಂಡು ಅಂಗೈಯನ್ನು ತಗಡಿನ ಮೇಲೆ ಮೆಲ್ಲಗೆ ಸರಿಸುತ್ತಾ ಹೋಗುವುದು. "ಕಣ್ಣು ಮೋಸ ಹೋಗ್ತೈತೆ, ಅಂಗೈ ಹೋಗಲ್ಲ" ಅನ್ನುತ್ತಿದ್ದರು. ಕೈ ನಿಂತಲ್ಲಿ ತಪ್ಪು ಇದೆ ಎಂದು ಅರ್ಥ. ಎರಡೇ ತೀರ್ಪು: ಪಾಸ್, ಇಲ್ಲವೇ ರಿಜೆಕ್ಟ್. ರಿಜೆಕ್ಟ್ ಅಂದರೆ ಪಕ್ಕದಲ್ಲಿ ಕಾರಣ ಬರೆಯಲೇಬೇಕು. ಕಾರಣ ಬರೆಯದೆ ರಿಜೆಕ್ಟ್ ಮಾಡುವವನು ಇನ್ಸ್‌ಪೆಕ್ಟರ್ ಅಲ್ಲ, ಬರೀ ಸಿಡುಕ ಎಂಬುದು ಅವರ ಸಿದ್ಧಾಂತ.

ಕಾರ್ಖಾನೆಯಲ್ಲಿ ಇಂಥದ್ದೆಲ್ಲ ಚೆಂದ. ಮನೆಗೆ ತಂದರೆ ಏನು ಗತಿ? ಊಟಕ್ಕೆ ಕೂತರೆ ಜೋಳದ ರೊಟ್ಟಿಯ ಮೇಲೂ ಅಂಗೈ ಆಡಿಸುತ್ತಿದ್ದರು. "ಎಡಗಡೆ ಸ್ವಲ್ಪ ದಪ್ಪ ಐತೆ" ಅನ್ನುತ್ತಿದ್ದರು. ಒಂದು ದಿನ ಅಮ್ಮ ಬಡಿಯುತ್ತಿದ್ದ ರೊಟ್ಟಿಯನ್ನು ಹಾಗೇ ಬಿಟ್ಟು ಎದ್ದು ನಿಂತು, "ಪಾಸಾದ್ರ ಉಣ್ರಿ, ಇಲ್ಲಾಂದ್ರ ಕಾರಣ ಬರೆದು ವಾಪಸ್ ಕಳಿಸ್ರಿ" ಅಂದಳು. ಅವತ್ತಿನಿಂದ ರೊಟ್ಟಿಗೆ ಮಾತ್ರ ವಿನಾಯಿತಿ ಸಿಕ್ಕಿತು. ನನ್ನ ನೋಟ್‌ಬುಕ್ಕಿನ ರಟ್ಟು, ನಾನು ಹಾಕಿದ ರಂಗೋಲಿ, ನನ್ನ ಡಿಗ್ರಿಯ ಮಾರ್ಕ್ಸ್ ಕಾರ್ಡು ಯಾವುದಕ್ಕೂ ವಿನಾಯಿತಿ ಇರಲಿಲ್ಲ. ‘ಚೆನ್ನಾಗೈತೆ’ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ಬಿ.ಎಸ್ಸಿ.ಯಲ್ಲಿ ಫಸ್ಟ್ ಕ್ಲಾಸ್ ಬಂದಾಗ ಮಾರ್ಕ್ಸ್ ಕಾರ್ಡನ್ನು ಮೇಲಿಂದ ಕೆಳಗೆ ನೋಡಿ, "ಸಸ್ಯಶಾಸ್ತ್ರ ಯಾಕ ಇಳಿದೈತೆ?" ಎಂದು ಕೇಳಿದರು. ಅವರಿಂದ ಒಮ್ಮೆ ‘ಪಾಸ್’ ಅನ್ನಿಸಿಕೊಳ್ಳಬೇಕೆಂಬ ಆಸೆ ನನಗೆ ಬುದ್ಧಿ ಬಂದಾಗಿನಿಂದ ಇತ್ತು. ಅರವತ್ತು ತುಂಬಿದರೂ ಅದು ಹೋಗಿರಲಿಲ್ಲ.

ಇನ್ನು ಸ್ಕೂಟರಿನ ಕತೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪಾಜಿ ಕೊಂಡ ಗಾಡಿ ಅದು. ಮೈಯೆಲ್ಲ ತಗಡು, ಈಗಿನ ಗಾಡಿಗಳ ಹಾಗೆ ಪ್ಲಾಸ್ಟಿಕ್ಕಲ್ಲ. ನನಗೆ ದಾವಣಗೆರೆಯ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಾಗ ಅದನ್ನು ನನಗೇ ಕೊಟ್ಟರು. ಹೆಣ್ಣುಮಗಳು ಹರಿಹರದಿಂದ ದಾವಣಗೆರೆಗೆ ದಿನಾ ಸ್ಕೂಟರಿನಲ್ಲಿ ಹೋಗುವುದೇ ಎಂದು ಓಣಿಯ ಹಿರಿಯರೊಬ್ಬರು ಕೇಳಿದರು. "ಓಡಿಸೋರು ಗಂಡೋ ಹೆಣ್ಣೋ ಅಂತ ಗಾಡಿ ಕೇಳಲ್ಲರಿ, ನಿಮಗ್ಯಾಕ ಬೇಕು?" ಅಂದರು ಅಪ್ಪಾಜಿ. ಕೊಡುವ ಮುಂಚೆ ಒಂದು ವಾರ ರಜೆ ಹಾಕಿ ಗಾಡಿಯ ಹಳೆ ಬಣ್ಣ ಪೂರ್ತಿ ತೆಗೆದು, ತಾವೇ ಕಲಸಿದ ನೀಲಿ ಹೊಡೆದರು. ಸಂಜೆ ಹೊಳೆಯ ಸೇತುವೆಯ ಮೇಲೆ ನಿಂತರೆ ಆಕಾಶ ಕಪ್ಪಾಗುವ ಮುಂಚೆ ಒಂದು ಗಳಿಗೆ ಇರುತ್ತದಲ್ಲ, ಆ ನೀಲಿ. ಪೇಟೆಯ ಯಾವ ಡಬ್ಬಿಯಲ್ಲೂ ಅದು ಸಿಗುತ್ತಿರಲಿಲ್ಲ. ಸ್ಕೂಲಿನ ಸೈಕಲ್ ಸ್ಟ್ಯಾಂಡಿನಲ್ಲಿ ನನ್ನ ಗಾಡಿಯನ್ನು ಯಾರೂ ನಂಬರ್ ನೋಡಿ ಗುರುತಿಸಿದ್ದಿಲ್ಲ.

ಮದುವೆಯಾಗಿ ದಾವಣಗೆರೆಯ ಸರಸ್ವತಿ ನಗರಕ್ಕೆ ಬಂದೆ, ಗಾಡಿಯೂ ಬಂತು. ಎಷ್ಟೋ ಬ್ಯಾಚಿನ ಮಕ್ಕಳಿಗೆ ತುಕ್ಕಿನ ಪಾಠ ಮಾಡಿದೆ. ಮೂರು ಪ್ರನಾಳಗಳಲ್ಲಿ ಮೊಳೆ ಹಾಕಿ, ಕಬ್ಬಿಣಕ್ಕೆ ಗಾಳಿ ನೀರು ಎರಡೂ ತಾಗಿದರೆ ಮಾತ್ರ ತುಕ್ಕು ಬರುತ್ತದೆ ಎಂದು ತೋರಿಸಿದೆ. ಹಾಗೆ ತೋರಿಸಿದ ಮೇಡಮ್ಮೇ ತರಕಾರಿ ಚೀಲ ನೇತುಹಾಕಲೆಂದು ಸ್ಕೂಟರಿನ ಮುಂದಿನ ತಗಡಿಗೆ ತೂತು ಕೊರೆಸಿ ಕೊಕ್ಕೆ ಹಾಕಿಸಿದಳು. ತೂತಿನ ಅಂಚಿಗೆ ಒಂದು ಹನಿ ಪೇಂಟನ್ನೂ ಹಚ್ಚಲಿಲ್ಲ. ಗಾಳಿಗೂ ನೀರಿಗೂ ಅಷ್ಟೇ ಸಾಕಾಯಿತು. ಮೊದಲು ಕೊಕ್ಕೆಯ ಸುತ್ತ ಸಾಸಿವೆಯಷ್ಟು ಗುಳ್ಳೆಗಳು ಎದ್ದವು. ಆಮೇಲೆ ಗುಳ್ಳೆ ಒಡೆದು ಬಣ್ಣ ಚಕ್ಕೆ ಚಕ್ಕೆಯಾಗಿ ಉದುರತೊಡಗಿತು. ನಾನು ಮಾಡಿದ ಚಿಕಿತ್ಸೆ ಏನೆಂದರೆ, ಮಕ್ಕಳ ಪುಸ್ತಕದಂಗಡಿಯಿಂದ ಹೂವಿನ ಸ್ಟಿಕ್ಕರ್ ತಂದು ಮೇಲೆ ಅಂಟಿಸಿದೆ. ಸ್ಟಿಕ್ಕರಿನ ಕೆಳಗೆ ನೀರು ನಿಂತು ಇನ್ನಷ್ಟು ಗುಳ್ಳೆ ಎದ್ದವು. ಅದಕ್ಕೆ ಇನ್ನೂ ದೊಡ್ಡ ಹೂವು ಅಂಟಿಸಿದೆ. ರಿಟೈರಾಗುವ ಹೊತ್ತಿಗೆ ನನ್ನ ಗಾಡಿ ಹೂಬುಟ್ಟಿಯಾಗಿತ್ತು.

ಅಮ್ಮ ತೀರಿಕೊಂಡ ಮೇಲೆ ಅಪ್ಪಾಜಿ ನಮ್ಮ ಮನೆಗೆ ಬಂದರು. ಈಗ ಅವರಿಗೆ ಎಂಬತ್ತನಾಲ್ಕು. ಕಣ್ಣಿನ ನರ ಸೋತು, ಬೆಳಕು ನೆರಳು ಮಾತ್ರ ಗೊತ್ತಾಗುತ್ತದೆ. ಅಪ್ಪಾಜಿಗೆ ಕಾಣುವುದಿಲ್ಲ, ಆದ್ದರಿಂದ ಗಾಡಿಯ ಸ್ಥಿತಿ ಅವರಿಗೆ ತಿಳಿಯುವುದಿಲ್ಲ ಎಂದು ನಾನು ಧೈರ್ಯವಾಗಿದ್ದೆ. ಅವರ ಅಂಗೈ ನನಗೆ ಮರೆತೇ ಹೋಗಿತ್ತು ನೋಡಿ.

ಸಂಕ್ರಾಂತಿ ಕಳೆದ ಒಂದು ಬೆಳಿಗ್ಗೆ ಅವರು ಪೋರ್ಟಿಕೋದಲ್ಲಿ ಬಿಸಿಲು ಕಾಯಿಸಲು ಬಂದು, ಆಸರೆಗೆಂದು ಸ್ಕೂಟರಿನ ಮೇಲೆ ಕೈ ಇಟ್ಟರು. ಕೈ ಅಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಸರಿಯಿತು. ಒಂದು ಹೂವನ್ನು ಉಗುರಿನಿಂದ ಎಬ್ಬಿಸಿದರು. ಅದರ ಜೊತೆಗೇ ಅಂಗೈಯಗಲ ಬಣ್ಣ ಎದ್ದು ಬಂತು.

"ಶೈಲಾ, ಇದೇನವ್ವ ಇದು? ಗಾಡಿಗೆ ಬ್ಯಾಂಡೇಜ್ ಸುತ್ತೀಯೇನು?"

ಎದ್ದ ಚಕ್ಕೆಯನ್ನು ಬೆರಳ ನಡುವೆ ತಿಕ್ಕಿ ನೋಡಿದರು.

"ನನ್ನ ಪೇಂಟು ಹೋಗೈತಾ?"

ಆ ಪ್ರಶ್ನೆ ಕೇಳಿದ ರೀತಿ ನನಗೆ ಸಹಿಸಲಾಗಲಿಲ್ಲ. ಹತ್ತಿರದವರು ಯಾರಿಗೋ ಹುಷಾರಿಲ್ಲವೆಂದು ತಿಳಿದಾಗ ಕೇಳುವ ದನಿ ಅದು. ಗ್ಯಾರೇಜಿನವರನ್ನು ಕರೆಸಿದೆ. ಅವರು ನೋಡಿ, "ಮೇಲೆ ಒಂದು ಕೋಟ್ ಹೊಡೆದು ಕೊಡ್ತೀವಿ ಮೇಡಂ, ಒಂದು ವರ್ಷ ಬರ್ತೈತೆ. ಇಲ್ಲಾಂದ್ರೆ ಗುಜರಿಗೆ ಹಾಕ್ರಿ" ಅಂದರು. ತುಕ್ಕಿನ ಮೇಲೆ ಬಣ್ಣ ಎಂಬ ಮಾತು ಕಿವಿಗೆ ಬಿದ್ದದ್ದೇ ಅಪ್ಪಾಜಿ ಕುರ್ಚಿಯಿಂದ ಎದ್ದರು. ಗ್ಯಾರೇಜಿನವರು ಹೋದ ಮೇಲೆ ಅವರು ನನಗೆ ಹೇಳಿದ್ದು ಇಷ್ಟೇ:

"ಯಾರ ಕೈಗೂ ಕೊಡಬ್ಯಾಡ. ನೀನೇ ಮಾಡು. ಹೆಂಗೆ ಅಂತ ನಾನು ಹೇಳ್ತೀನಿ. ಕಣ್ಣು ನಿಂದು, ಕೈ ನಿಂದು. ಕೊನಿಗೆ ಇನ್ಸ್‌ಪೆಕ್ಷನ್ ನಂದು."

ನಮ್ಮನೆಯವರು ಪೇಪರಿನ ಹಿಂದಿನಿಂದ, "ಅರವತ್ತಕ್ಕೆ ಅಪ್ರೆಂಟಿಸ್" ಅಂದರು. ನಾನು ಒಪ್ಪಿಕೊಂಡೆ. ಅಪ್ಪಾಜಿಯ ಈ ಒಂದು ಪರೀಕ್ಷೆ ಬಿಟ್ಟರೆ ಇನ್ನೊಂದು ನನಗೆ ಸಿಗುವುದಿಲ್ಲ ಎಂದು ಗೊತ್ತಿತ್ತು.

ಮೊದಲು ಬಣ್ಣ ತೆಗೆಯುವುದು. ಪೇಂಟ್ ರಿಮೂವರ್ ಎಂಬ ಗಂಜಿಯಂಥ ದ್ರವವನ್ನು ಬ್ರಶ್ಶಿನಲ್ಲಿ ಹಚ್ಚಿ ಕಾಯಬೇಕು. ಕೈಗೆ ದಪ್ಪ ಗ್ಲೌಸು, ಮೂಗಿಗೆ ಬಟ್ಟೆ. ಹತ್ತು ಹದಿನೈದು ನಿಮಿಷದಲ್ಲಿ ಬಣ್ಣ ಹಾಲಿನ ಕೆನೆಯ ಹಾಗೆ ಸುಕ್ಕಾಗಿ ಮೇಲೇಳುತ್ತದೆ. ಆಗ ತಗಡಿನ ಪಟ್ಟಿಯಲ್ಲಿ ಹೆರೆದು ತೆಗೆಯುವುದು. ಹೆರೆಯುತ್ತಾ ನನಗೊಂದು ಕೆಟ್ಟ ಕುತೂಹಲ ಹುಟ್ಟಿತು. ಎಲ್ಲರ ಕೆಲಸಕ್ಕೂ ಕಾರಣ ಬರೆದ ಈ ಮನುಷ್ಯ ತಾನು ಮಾಡಿದ್ದೆಷ್ಟು ಚೊಕ್ಕ ನೋಡಿಯೇಬಿಡೋಣ ಎಂದು ಮೂಲೆ ಮೂಲೆ ಹುಡುಕಿದೆ. ಕಾಲಿಡುವ ಹಲಗೆಯ ಅಡಿಭಾಗ, ಚಕ್ರದ ಮೇಲಿನ ತಗಡಿನ ಒಳಮೈ, ಯಾರ ಕಣ್ಣಿಗೂ ಬೀಳದ ಮಡಿಕೆಗಳು. ಎಲ್ಲೂ ನೀಲಿಯ ಕೆಳಗೆ ಹಳೆಯ ಬಣ್ಣ ಸಿಗಲಿಲ್ಲ. ನೀಲಿ, ಅದರ ಕೆಳಗೆ ಕೆಂಪು ಪ್ರೈಮರು, ಅದರ ಕೆಳಗೆ ತಗಡು. ಮೇಲೆ ಎಷ್ಟು ಕೋಟೋ ಅಡಿಯಲ್ಲೂ ಅಷ್ಟೇ ಕೋಟು. ಮೂವತ್ತಾರು ವರ್ಷವಾದ ಮೇಲೂ ಗಟ್ಟಿಯಾಗಿ ಹಿಡಿದಿತ್ತು. ಹೋಗಿದ್ದದ್ದು ನನ್ನ ಕೊಕ್ಕೆಯ ಸುತ್ತ, ನನ್ನ ಹೂವುಗಳ ಕೆಳಗೆ ಮಾತ್ರ.

"ಅಪ್ಪಾಜಿ, ನಿಮ್ಮ ಪೇಂಟು ಎಲ್ಲೂ ಹೋಗಿಲ್ಲ. ನಾನು ಎಲ್ಲೆಲ್ಲಿ ಕೈ ಹಾಕೀನಿ ಅಲ್ಲಿ ಮಾತ್ರ ಹೋಗೈತೆ."

"ಕಾರಣ?"

"ತೂತು ಕೊರೆಸಿ ಅಂಚಿಗೆ ಪೇಂಟ್ ಹಚ್ಚಲಿಲ್ಲ. ಸ್ಟಿಕ್ಕರಿನ ಕೆಳಗೆ ನೀರು ನಿಂತು."

"ಹೂಂ" ಅಂದರು. ಅವತ್ತು ಸಂಜೆ ಮಂಡಕ್ಕಿ ಮೆಣಸಿನಕಾಯಿ ಬೇಕೆಂದು ಕೇಳಿ ತರಿಸಿಕೊಂಡು ತಿಂದರು. ಖುಷಿಯಾಗಿದ್ದರು ಎಂದು ನನಗೆ ಗೊತ್ತಾಯಿತು, ಅವರು ಹೇಳಲಿಲ್ಲ. ಆ ಉಗುರುಗಳ ಬಗ್ಗೆ ನಾನು ನಾಚಿಕೊಂಡಿದ್ದೆನಲ್ಲ, ಅವತ್ತು ನನ್ನ ಎದೆ ಉಬ್ಬಿದ್ದು ನೋಡಿದ್ದರೆ ನೀವು ನಕ್ಕುಬಿಡುತ್ತಿದ್ದಿರಿ.

ಬರಿ ತಗಡಿಗೆ ಅಪ್ಪಾಜಿ ಒಂದು ಪರೀಕ್ಷೆ ಇಟ್ಟಿದ್ದರು. ಎಮರಿ ಪೇಪರಿನಲ್ಲಿ ತಿಕ್ಕಿ ತುಕ್ಕು ತೆಗೆದಾದ ಮೇಲೆ ನೀರು ಹಾಕಿ ನೋಡುವುದು. ನೀರು ಹನಿ ಹನಿಯಾಗಿ ನಿಂತರೆ ಎಲ್ಲೋ ಎಣ್ಣೆಯ ಪಸೆ ಇದೆ. ಒಂದೇ ಹಾಳೆಯಾಗಿ ಹರಡಿದರೆ ತಗಡು ಚೊಕ್ಕ. ಕೆಮಿಸ್ಟ್ರಿಯನ್ನು ಬೋರ್ಡಿನ ಮೇಲೆ ಬರೆದೇ ಜೀವನ ಕಳೆದವಳು ನಾನು. ಇಷ್ಟು ಸರಳ ಪ್ರಯೋಗ ನನಗೆ ಹೊಳೆದಿರಲಿಲ್ಲ. ನೀರು ಹರಡಿತು. ಕೂಡಲೇ ಒರೆಸಿ ಒಣಗಿಸಿ ಕೆಂಪು ಪ್ರೈಮರ್ ಹೊಡೆದೆ. ಅದು ಒಣಗಿದ ಮೇಲೆ ನೀರು ಹಾಕಿಕೊಂಡು ನುಣ್ಣಗೆ ಉಜ್ಜಿದೆ. ಹೆಬ್ಬೆರಳಿನ ಚರ್ಮ ಸವೆದು ಫೋನು ನನ್ನ ಬೆರಳನ್ನು ಗುರುತಿಸಲಾರದೆ ಹೋಯಿತು.

ಪ್ರೈಮರ್ ಆದ ತಗಡನ್ನು ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ. "ಮಡಿ ಉಟ್ಟ ಹಂಗೆ ಅದು. ಕಾರ್ಖಾನೆಯಾಗ ಮುಟ್ಟಿದವರನ್ನ ನಾನು ಸುಮ್ನ ಬಿಟ್ಟಿಲ್ಲ" ಎಂದು ಅಪ್ಪಾಜಿ ಮನೆಯವರಿಗೆಲ್ಲ ತಾಕೀತು ಮಾಡಿದರು. ಸಂಜೆ ನಾನು ತಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಪೂರ್ತಿ ಒರೆಸಿ, ಮೇಲೆ ಹಳೆ ಪಂಚೆ ಹೊದಿಸಿದೆ. ಮರುದಿನ ಸೋಮವಾರ, ಗಾಳಿ ಏಳುವ ಮುಂಚೆ ಬಣ್ಣ ಹೊಡೆಯುವುದೆಂದು ತೀರ್ಮಾನವಾಯಿತು.

ನಮ್ಮ ಊರಿನ ಧೂಳಿನ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಅಂಗಳಕ್ಕೆ ಮೂರು ಕೊಡ ನೀರು ಹೊಡೆದು, ನನ್ನ ಹಳೆಯ ಕಾಟನ್ ಸೀರೆಗಳನ್ನು ಒದ್ದೆ ಮಾಡಿ ಪೋರ್ಟಿಕೋದ ಸುತ್ತ ಪರದೆಯಂತೆ ಕಟ್ಟಿದೆವು. ಹಾರಿ ಬಂದ ಧೂಳೆಲ್ಲ ಸೀರೆಗೆ ಅಂಟಿಕೊಳ್ಳಲಿ ಎಂದು. ನಮ್ಮನೆಯವರು ಇಣುಕಿ, "ಬಾಣಂತನ ಮಾಡ್ತಿದೀರೇನು?" ಅಂದರು. ಗಾಳಿ ಒತ್ತುವ ಕಂಪ್ರೆಸರನ್ನು ಎದುರು ಮನೆಯ ಹಾಲಪ್ಪನವರಿಂದ ತಂದಿದ್ದೆವು. ಅವರದು ಹಿಟ್ಟಿನ ಗಿರಣಿ, ಮೋಟರಿನ ಧೂಳು ಹೊಡೆಯಲು ಇಟ್ಟುಕೊಂಡಿದ್ದರು. ಮೊದಲ ಸಲ ಗುಂಡಿ ಒತ್ತಿದಾಗ ಪೈಪಿನೊಳಗಿದ್ದ ಜೋಳದ ಹಿಟ್ಟೆಲ್ಲ ಬಾಣಂತನ ವಿಚಾರಿಸಿದವರ ಮುಖಕ್ಕೇ ಹಾರಿತು. ಬಣ್ಣದ ಮೇಲೆ ಹಾರಲಿಲ್ಲವಲ್ಲ ಎಂದು ನಾನು ಪೈಪನ್ನು ಚೆನ್ನಾಗಿ ಊದಿಸಿಕೊಂಡೆ.

ಪಂಚೆ ಸರಿಸಿದಾಗ ಮುಂದಿನ ತಗಡಿನ ಮೇಲೆ ಸ್ವಲ್ಪ ಬೂದುಬೂದಾಗಿ ಧೂಳು ಕಂಡಿತು. ಸೀರೆ ಕಟ್ಟುವ ಮುಂಚೆ ಬಿದ್ದದ್ದಿರಬೇಕು ಎಂದು ಒಣಬಟ್ಟೆಯಲ್ಲಿ ಕೊಡವಿದೆ. ತಿನ್ನರಿನಲ್ಲಿ ಇನ್ನೊಮ್ಮೆ ಒರೆಸಬೇಕಿತ್ತು. ಬಿಸಿಲೇರುತ್ತದೆಂಬ ಆತುರದಲ್ಲಿ ಬಿಟ್ಟೆ. ಅಪ್ಪಾಜಿ ಹೇಳಿದ ಅಳತೆಯಲ್ಲಿ ನಾನೇ ಕಲಸಿದ ನೀಲಿಯನ್ನು ಸ್ಪ್ರೇ ಗನ್ನಿನಲ್ಲಿ ಹೊಡೆದೆ. ಅಪ್ಪಾಜಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಗನ್ನಿನ ಸದ್ದು ಕೇಳುತ್ತಲೇ, "ಕೈ ನಿಂತಿತು, ನಡೆಸು ನಡೆಸು" ಅನ್ನುತ್ತಿದ್ದರು. ಬೆಳಕು ತಾಗಿದಾಗ ಆ ಸೇತುವೆಯ ನೀಲಿ ಮತ್ತೆ ಕಂಡು ನನ್ನ ಕಣ್ಣು ತುಂಬಿತು. ಆಮೇಲೆ ಮುಂದಿನ ತಗಡು ನೋಡಿದೆ. ಅಲ್ಲಿ ಬಣ್ಣ ಕೂರುತ್ತಿಲ್ಲ. ಮೀನಿನ ಕಣ್ಣಿನಂಥ ಸಣ್ಣ ಸಣ್ಣ ಗುಂಡಿಗಳಾಗಿ ಬಣ್ಣ ಹಿಂದೆ ಸರಿಯುತ್ತಿದೆ. ಎಲ್ಲೆಂದರಲ್ಲಿ ಅಲ್ಲ, ಅಡ್ಡಡ್ಡಕ್ಕೆ, ಒಂದರ ಕೆಳಗೊಂದು ಮೂರು ಪಟ್ಟೆ.

ನೋಡಿದ ಕೂಡಲೇ ನನಗೆ ತಿಳಿಯಿತು. ಅಪ್ಪಾಜಿ ಬೆಳಿಗ್ಗೆ ಸ್ನಾನ ಮಾಡಿ, ತಲೆಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಂಡು, ಇಷ್ಟಲಿಂಗ ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತಾರೆ. ಬಣ್ಣ ಹೊಡೆಯುವ ದಿನ, ಅದೂ ಸೋಮವಾರ. ನಾನು ಸೀರೆ ನೆನೆಸುತ್ತಿದ್ದ ಹೊತ್ತಿನಲ್ಲಿ ಗೋಡೆ ಹಿಡಿದುಕೊಂಡು ಬಂದು, ಪಂಚೆ ಎತ್ತಿ, ಅದೇ ಎಣ್ಣೆ ಬೆರಳಿನಿಂದ ಗಾಡಿಗೂ ವಿಭೂತಿಯ ಮೂರು ಪಟ್ಟೆ ಎಳೆದಿದ್ದಾರೆ. ಮೂವತ್ತನಾಲ್ಕು ವರ್ಷ ಪ್ರೈಮರ್ ಮುಟ್ಟಿದವರನ್ನು ಬೈದ ಮನುಷ್ಯ, ಮಗಳ ಕೆಲಸಕ್ಕೆ ಒಳ್ಳೆಯದಾಗಲಿ ಎಂದು ತನ್ನ ನಿಯಮ ತಾನೇ ಮುರಿದಿದ್ದರು.

ಬಣ್ಣ ಒಣಗಿದ ಮೇಲೆ, ಮರುದಿನ ಇನ್ಸ್‌ಪೆಕ್ಷನ್. ಅಂಗೈ ಎಲ್ಲೆಲ್ಲೋ ಸರಾಗವಾಗಿ ಹೋಗಿ ಮುಂದಿನ ತಗಡಿನಲ್ಲಿ ನಿಂತಿತು.

"ರಿಜೆಕ್ಟ್" ಅಂದರು. "ಎಣ್ಣೆ ಕೈ ಬಿದ್ದೈತೆ. ಯಾರದು?"

"ನಂದೇ ಅಪ್ಪಾಜಿ. ದೋಸೆಗೆ ಎಣ್ಣೆ ಹಾಕಿದ ಕೈಯಾಗ ಮುಟ್ಟಿದೆ ಅನ್ನಿಸ್ತೈತೆ."

"ಇಷ್ಟು ಹೇಳಿದ್ರೂನೂ?" ಅಂದು ಒಳಗೆ ಹೋದರು. ನಿಜ ಹೇಳಬಾರದೆಂದು ನಾನು ತೀರ್ಮಾನಿಸಿದ್ದೆ. ಕಣ್ಣು ಹೋದ ಮೇಲೆ ಅವರಿಗೆ ಉಳಿದದ್ದು ಆ ಕೈಯ ಮೇಲಿನ ನಂಬಿಕೆ ಒಂದೇ. ತಪ್ಪು ಆ ಕೈಯದೇ ಎಂದು ನಾನು ಹೇಗೆ ಹೇಳಲಿ? ಪರೀಕ್ಷೆಯಲ್ಲಿ ಫೇಲಾದರೆ ಆಗಲಿ ಎಂದುಕೊಂಡೆ. ಒಳಗೊಳಗೇ ಅಳು ಬಂದಿದ್ದನ್ನು ನಿಮ್ಮ ಮುಂದೆ ಮುಚ್ಚಿಡುವುದೇಕೆ?

ಮಾರನೆಯ ಬೆಳಿಗ್ಗೆ ಕಾಫಿ ಹಿಡಿದು ಪೋರ್ಟಿಕೋಗೆ ಬಂದರೆ ಅಪ್ಪಾಜಿ ಸ್ಕೂಟರಿನ ಮುಂದೆ ನೆಲದ ಮೇಲೆ ಕೂತಿದ್ದಾರೆ.

"ಶೈಲಾ, ಬಾ ಇಲ್ಲಿ. ಈ ಪಟ್ಟೆ ಮ್ಯಾಲೆ ನಿನ್ನ ಮೂರು ಬೆರಳು ಇಡು."

ಇಟ್ಟೆ. ಎರಡು ಪಟ್ಟೆಗೆ ಸರಿಹೋಗಿ ಮೂರನೆಯದಕ್ಕೆ ತಪ್ಪಿತು. ನನ್ನ ಕೈ ಸರಿಸಿ ಅವರು ತಮ್ಮ ಬೆರಳು ಇಟ್ಟರು. ಮೂರೂ ಸರಿಯಾಗಿ ಕೂತವು.

"ನಿಂಗೆ ಗೊತ್ತಿತ್ತಲ್ಲ?"

"ಹೂಂ."

"ಮತ್ಯಾಕ ಸುಳ್ಳು ಹೇಳಿದಿ?" ದನಿ ಏರಿತು. "ರಿಜೆಕ್ಟ್ ಆದ್ರ ನಾಚಿಕಿ ಇಲ್ಲವ್ವ. ಸುಳ್ಳು ಕಾರಣ ಬರೆದ್ರ ಮತ್ತ ಅದೇ ತಪ್ಪು ಆಗ್ತೈತೆ. ಕೆಲಸ ನಿಂದು ಕೆಟ್ಟಿಲ್ಲ. ಕೈ ನಂದು ಕೆಟ್ಟೈತೆ. ಹಂಗಂತ ಹೇಳಬೇಕು." ನನ್ನ ಕಡೆ ಕೈ ಚಾಚಿ, "ಎಮರಿ ಪೇಪರ್ ಕೊಡಿಲ್ಲಿ. ಕೈ ಸೋಪ್ ಹಚ್ಚಿ ತೊಳ್ಕೊಂಡೇ ಬಂದೀನಿ" ಅಂದರು.

ನಾನು ಬೇಡವೆಂದೆ, ಕೇಳಲಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಒಂದು ಬಟ್ಟಲು ನೀರು ಇಟ್ಟುಕೊಂಡು, ಆ ಮೂರು ಪಟ್ಟೆಗಳನ್ನು ಮಧ್ಯಾಹ್ನದ ತನಕ ಉಜ್ಜಿದರು. ನೀಲಿ ಹೋಯಿತು, ಕೆಂಪು ಹೋಯಿತು, ಬರಿ ತಗಡು ಬಂತು. ನೀರು ಹಾಕಿ ನನ್ನನ್ನು ಕೇಳಿದರು, "ಹರಡಿತಾ?" ಹರಡಿತು ಅಂದೆ. ಉಳಿದ ಮೈಯ ನೀಲಿಯನ್ನೂ ನಾನು ಹೊಸ ಕೋಟು ಹಿಡಿಯಲೆಂದು ತೆಳುವಾಗಿ ಉಜ್ಜಿದೆ. ಇಬ್ಬರೂ ಎದುರು ಬದುರು ಕೂತು ಉಜ್ಜುತ್ತಾ ಅಷ್ಟು ಮಾತಾಡಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಅಮ್ಮನ ರೊಟ್ಟಿ ಎಡಗಡೆ ದಪ್ಪ ಇರುತ್ತಿದ್ದುದು ತನಗೆ ಇಷ್ಟವಾಗುತ್ತಿತ್ತೆಂದು ಅವತ್ತು ಒಪ್ಪಿಕೊಂಡರು.

ಮತ್ತೆ ಪ್ರೈಮರು, ಮತ್ತೆ ಒದ್ದೆ ಸೀರೆ, ಮತ್ತೆ ಕಂಪ್ರೆಸರು. ಈ ಸಲ ಗನ್ ಹಿಡಿಯುವ ಮುಂಚೆ ತಿನ್ನರಿನಲ್ಲಿ ಎರಡು ಸಲ ಒರೆಸಿದೆ. ಅಪ್ಪಾಜಿ ತಮ್ಮೆರಡು ಕೈಗಳನ್ನೂ ಟವೆಲ್ಲಿನಲ್ಲಿ ಸುತ್ತಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಮೂರು ದಿನ ಒಣಗಲು ಬಿಟ್ಟೆವು.

ಶಿವರಾತ್ರಿಗೆ ಇನ್ನೊಂದು ವಾರವಿತ್ತು. ಬೆಳಿಗ್ಗೆ ಹತ್ತರ ಹೊತ್ತಿಗೆ ಪಂಚೆ ತೆಗೆದೆ. ನಮ್ಮನೆಯವರು ಪೇಪರ್ ಬಿಟ್ಟು ಬಂದರು. ಹಾಲಪ್ಪನವರು ಗಿರಣಿಗೆ ಹೊರಟವರು ಗೇಟಿನ ಹತ್ತಿರ ನಿಂತರು. ಅಪ್ಪಾಜಿ ಕಣ್ಣು ಮುಚ್ಚಿದರು. ಕಾಣದ ಕಣ್ಣನ್ನೂ ಮುಚ್ಚಿಕೊಳ್ಳುವುದು ಅವರ ಅಭ್ಯಾಸ. ಅಂಗೈ ಮುಂದಿನ ತಗಡಿನಿಂದ ಹೊರಟಿತು. ಅಲ್ಲಿ ನಿಲ್ಲಲಿಲ್ಲ. ಕಾಲಿಡುವ ಹಲಗೆ, ಸೀಟಿನ ಕೆಳಗಿನ ಮೈ, ಎಡಗಡೆಯ ತಗಡಿನ ಕವರು, ಹಿಂಬದಿ. ಬಲಗಡೆಯ ಕವರಿನ ಕೆಳ ಅಂಚಿಗೆ ಬಂದಾಗ ನಡುಬೆರಳು ಒಂದು ಕ್ಷಣ ನಿಂತಿತು, ಅರ್ಧ ಇಂಚು ಹಿಂದೆ ಹೋಯಿತು, ಮತ್ತೆ ಮುಂದೆ ಸರಿಯಿತು.

"ಪಾಸ್" ಅಂದರು ಅಪ್ಪಾಜಿ.

ನಮ್ಮನೆಯವರು ಚಪ್ಪಾಳೆ ಹೊಡೆದರು. ನಾನು ಕುಣಿಯಬೇಕಿತ್ತು. ಆದರೆ ಆ ಬೆರಳು ನಿಂತದ್ದನ್ನು ನಾನು ನೋಡಿದ್ದೆ. ನೆಲಕ್ಕೆ ಕೂತು ಕವರಿನ ಅಡಿ ನೋಡಿದೆ. ಕೆಳ ಅಂಚಿನಲ್ಲಿ ಬಣ್ಣ ಇಳಿದು, ಜೋಳದ ಕಾಳಿನಷ್ಟು ಒಂದು ಹನಿ ಗಟ್ಟಿಯಾಗಿತ್ತು. ಗನ್ನನ್ನು ಅಲ್ಲಿ ಒಂದು ಗಳಿಗೆ ಜಾಸ್ತಿ ನಿಲ್ಲಿಸಿದ್ದೆ.

"ಅಪ್ಪಾಜಿ, ಇಲ್ಲಿ ಬಣ್ಣ ಇಳಿದೈತೆ."

"ಹೌದಾ? ನಂಗೇನು ಸಿಗಲಿಲ್ಲ. ವಯಸ್ಸಾತು, ಬೆರಳು ಮೊಂಡ ಆಗ್ಯಾವು."

"ಸುಳ್ಳು ಕಾರಣ ಹೇಳಬ್ಯಾಡ್ರಿ. ನಿಮ್ಮ ಬೆರಳು ಇಲ್ಲಿ ನಿಂತಿದ್ದು ನಾನು ನೋಡೀನಿ."

ಅವರು ಸಿಕ್ಕಿಬಿದ್ದರು. "ಹೋಗಲಿ ಬಿಡವ್ವ" ಅಂದರು ಮೆಲ್ಲಗೆ. "ಅಡಿಯಾಗ ಐತೆ. ಯಾರು ಬಗ್ಗಿ ನೋಡ್ತಾರ? ಎಷ್ಟು ಕಷ್ಟಪಟ್ಟೀಯ. ನಾನು ಪಾಸ್ ಅಂದೀನಲ್ಲ, ಮುಗೀತು."

ಜೀವಮಾನವೆಲ್ಲ ಕಾದ ಮಾತು ಕೈಗೆ ಬಂದು ಕೂತಿತ್ತು. ಯಾರೂ ನೋಡದ ಕಡೆಯಲ್ಲೂ ಅಷ್ಟೇ ಕೋಟು ಹೊಡೆದವರ ಮಗಳು ನಾನು. ಅದನ್ನು ಹಾಗೇ ಇಟ್ಟುಕೊಳ್ಳಲು ನನ್ನಿಂದ ಆಗಲಿಲ್ಲ.

"ಈ ಕವರು ರಿಜೆಕ್ಟ್ ಅಪ್ಪಾಜಿ" ಅಂದೆ. "ಕಾರಣ, ಗನ್ನು ಒಂದೇ ಕಡೆ ನಿಂತು ಬಣ್ಣ ಇಳಿದೈತೆ." ಎದ್ದು ಸ್ಪ್ಯಾನರ್ ತಂದು ಕವರು ಬಿಚ್ಚತೊಡಗಿದೆ.

ಬೈಯುತ್ತಾರೆಂದು ತಲೆ ಎತ್ತಿ ನೋಡಿದೆ. ಅಪ್ಪಾಜಿಯ ಮುಖ ಅಷ್ಟಗಲ ಆಗಿತ್ತು. ಬಾಗಿಲಿನ ಚೌಕಟ್ಟು ಹಿಡಿದುಕೊಂಡು, ಗೇಟು ಯಾವ ಕಡೆ ಇದೆಯೆಂದು ಬೆಳಕಿನಲ್ಲೇ ಗುರುತು ಹಚ್ಚಿ, ಓಣಿಗೆಲ್ಲ ಕೇಳುವ ಹಾಗೆ ಕೂಗಿದರು:

"ಹಾಲಪ್ಪ, ಬಾರಪ್ಪ ಒಳಗ! ಮೂವತ್ತನಾಲ್ಕು ವರ್ಷ ಸರ್ವಿಸ್ ಮಾಡೀನಿ. ನಾನು ಪಾಸ್ ಮಾಡಿದ್ದನ್ನ ಒಬ್ರೂ ರಿಜೆಕ್ಟ್ ಮಾಡಿರಲಿಲ್ಲ. ಇವತ್ತು ನನ್ನ ಮಗಳು ಮಾಡಿದ್ಲು!"

ಇದರಲ್ಲಿ ಇ‍ಷ್ಟು ಸಂಭ್ರಮಪಡುವಂಥದ್ದೇನಿದೆ ಎಂದು ಹಾಲಪ್ಪನವರಿಗೆ ತಿಳಿಯಲಿಲ್ಲ, ನಮ್ಮನೆಯವರ ಮುಖ ನೋಡಿದರು. ಅಷ್ಟರಲ್ಲಿ ಅಪ್ಪಾಜಿ ಪಕ್ಕದ ಮನೆಯವರನ್ನು ಕೂಗುತ್ತಿದ್ದರು.